ಸ್ನ್ಯಾಪ್‌ಚಾಟ್‌ನಲ್ಲಿ ವ್ಯಾಪಾರ: ಒಂದೇ ದಿನಕ್ಕೆ ಮಾಯವಾಗೋ ಸ್ಟೋರಿಗೆ ಇಷ್ಟೊಂದು ಒದ್ದಾಡ್ಬೇಕಾ?

ಕಾಗದಹುಳು

ಎಲ್ಲರಿಗೂ ನಮಸ್ಕಾರ. ಕೈಯಲ್ಲೇ ಹೊಲಿದು ಬೈಂಡ್ ಮಾಡಿದ ನೋಟ್‌ಬುಕ್, ಡೈರಿ, ಸ್ಕೆಚ್‌ಬುಕ್ ಮಾರೋದು ನನ್ನ ಕೆಲಸ. ಸ್ವಂತ ವೆಬ್‌ಸೈಟ್ ಇದೆ, ಇನ್‌ಸ್ಟಾಗ್ರಾಮ್‌ನಲ್ಲಿ ತಕ್ಕಮಟ್ಟಿಗೆ ಜನ ಇದ್ದಾರೆ. ಕೊಳ್ಳೋರಲ್ಲಿ ಬಹುಪಾಲು ಕಾಲೇಜು ವಯಸ್ಸಿನವರು. ಅವರವರ ನಡುವಿನ ಮಾತೆಲ್ಲ ನಡೆಯೋದು ಸ್ನ್ಯಾಪ್‌ಚಾಟ್‌ನಲ್ಲಿ ಅಂತ ಗೊತ್ತಾದ ಮೇಲೆ ಅಲ್ಲೂ ಒಂದು ಖಾತೆ ತೆರೆದಿದ್ದೀನಿ.

ಆದ್ರೆ ಅಲ್ಲಿ ಯಾವುದಕ್ಕೂ ಹಿಡಿತ ಸಿಗ್ತಿಲ್ಲ. ಹೊಲಿಗೆ ಹಾಕೋ ವಿಡಿಯೋ ಇನ್‌ಸ್ಟಾದಲ್ಲಿ ಹಾಕಿದ್ರೆ ತಿಂಗಳಾದ್ಮೇಲೂ ಯಾರಾದ್ರೂ ಹುಡುಕ್ಕೊಂಡು ಬರ್ತಾರೆ. ಇಲ್ಲಿ ಅದೇ ವಿಡಿಯೋ ಸ್ಟೋರಿಗೆ ಹಾಕಿದ್ರೆ ಇಪ್ಪತ್ನಾಲ್ಕು ಗಂಟೆಗೆ ಖಲ್ಲಾಸ್. ನೋಡಿದವರು ಯಾರು, ಮತ್ತೆ ಬರ್ತಾರಾ, ಏನೂ ತಿಳಿಯಲ್ಲ. ಹೋಗ್ಲಿ, ದುಡ್ಡು ಕೊಟ್ಟು ಆ್ಯಡ್ ಹಾಕೋಣ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದೇ ಗೊತ್ತಿಲ್ಲ. ಇಲ್ಲಿ ನಿಜವಾಗ್ಲೂ ವ್ಯಾಪಾರ ಮಾಡಿದವರು ಯಾರಾದ್ರೂ ಇದ್ದೀರಾ? "ಕನ್ಸಿಸ್ಟೆಂಟ್ ಆಗಿರಿ, ಕಥೆ ಹೇಳಿ" ಅನ್ನೋ ಥರದ ಬೋಧನೆ ಬೇಡ, ದಯವಿಟ್ಟು. ಅದನ್ನ ಸಾಕಷ್ಟು ಓದಿದ್ದೀನಿ.

ಹಳೇಖಾತೆ

ನೀವು ಇನ್‌ಸ್ಟಾ ಕಣ್ಣಿಂದ ಸ್ನ್ಯಾಪ್‌ಚಾಟ್ ನೋಡ್ತಿದ್ದೀರಿ, ತೊಂದರೆ ಇರೋದು ಅಲ್ಲಿ. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾಗಿದ್ದ ಇವಾನ್ ಸ್ಪೀಗಲ್, ಬಾಬಿ ಮರ್ಫಿ, ರೆಜಿ ಬ್ರೌನ್ ಇದನ್ನ ಮೊದಲು ಪಿಕಾಬೂ ಅನ್ನೋ ಹೆಸರಲ್ಲಿ ಬಿಟ್ಟಾಗ ಇದ್ದದ್ದು ಒಂದೇ ಯೋಚನೆ: ಕಳಿಸಿದ ಫೋಟೋ ನೋಡಿದ ಮೇಲೆ ಉಳೀಬಾರದು. ಸ್ಟೋರಿ ಬಂದಿದ್ದು ಎರಡು ವರ್ಷ ಆದ್ಮೇಲೆ, 2013ರ ಅಕ್ಟೋಬರ್‌ನಲ್ಲಿ. ಅದನ್ನ ಇನ್‌ಸ್ಟಾಗ್ರಾಮ್ 2016ರ ಆಗಸ್ಟ್‌ನಲ್ಲಿ ಎತ್ಕೊಂಡು ಹೋಯ್ತು, 2017ರ ಫೆಬ್ರವರಿಲಿ ವಾಟ್ಸಾಪ್ ಸ್ಟೇಟಸ್ಸೂ ಹಾಗೇ ಆಯ್ತು. ಹಾಗಾಗಿ ಸ್ಟೋರಿ ನೋಡೋಕೆ ಅಂತಾನೇ ಇವತ್ತು ಯಾರೂ ಸ್ನ್ಯಾಪ್‌ಚಾಟ್ ತೆರೆಯಬೇಕಾಗಿಲ್ಲ. ತೆರೆಯೋದು ತಮ್ಮ ಗೆಳೆಯರ ಜೊತೆ ಮಾತಾಡೋಕೆ. ಆ್ಯಪ್ ಒತ್ತಿದ ತಕ್ಷಣ ಎದುರಿಗೆ ಬರೋದು ಕ್ಯಾಮೆರಾ, ಫೀಡ್ ಅಲ್ಲ. ಇಷ್ಟು ಮನಸ್ಸಲ್ಲಿಟ್ಕೊಂಡ್ರೆ ಉಳಿದಿದ್ದೆಲ್ಲ ಅರ್ಥ ಆಗುತ್ತೆ.

ಇಬ್ಬರು ಗೆಳೆಯರು ಜಗಲಿ ಮೇಲೆ ಹರಟ್ತಾ ಕೂತಿರೋವಾಗ ಮೂರನೆಯವನು ಪಾಂಪ್ಲೆಟ್ ಹಿಡ್ಕೊಂಡು ಬಂದ್ರೆ ಹೇಗಿರುತ್ತೆ? ಬಹಳಷ್ಟು ಕಂಪನಿ ಖಾತೆಗಳು ಅಲ್ಲಿ ಮಾಡ್ತಿರೋದು ಅದನ್ನೇ.

ಚೆನ್ನಾಗಿ ಮಾಡಿದವರ ಉದಾಹರಣೆ ಕೊಡ್ತೀನಿ. 2013ರ ಜನವರಿ, ಆಗಿನ್ನೂ ಸ್ಟೋರಿನೇ ಇಲ್ಲ, ಆ್ಯಡ್ ವ್ಯವಸ್ಥೆಯೂ ಇಲ್ಲ. ನ್ಯೂಯಾರ್ಕ್‌ನ 16 ಹ್ಯಾಂಡಲ್ಸ್ ಅನ್ನೋ ಫ್ರೋಜನ್ ಯೋಗರ್ಟ್ ಸರಣಿಯವರು ಹೀಗಂದ್ರು: ನಮ್ಮ ಮಳಿಗೆಯಲ್ಲಿ ನಿಂತು ಒಂದು ಫೋಟೋ ಸ್ನ್ಯಾಪ್ ಮಾಡಿ ಕಳಿಸಿ, ವಾಪಸ್ ಒಂದು ಕೂಪನ್ ಸ್ನ್ಯಾಪ್ ಬರುತ್ತೆ. ಆದ್ರೆ ಅದನ್ನ ಕ್ಯಾಷ್ ಕೌಂಟರ್ ಮುಂದೇನೇ ತೆರೀಬೇಕು, ಯಾಕಂದ್ರೆ ತೆರೆದ್ರೆ ಹೆಚ್ಚಂದ್ರೆ ಹತ್ತು ಸೆಕೆಂಡ್ ಇರುತ್ತೆ ಅಷ್ಟೇ. ಒಳಗೆ ರಿಯಾಯಿತಿ ಶೇಕಡ 16 ಇದೆಯೋ, 50 ಇದೆಯೋ, 100 ಇದೆಯೋ ಅನ್ನೋದು ತೆರೆಯೋತನಕ ಗೊತ್ತಿಲ್ಲ. ಮಾಯವಾಗೋ ಗುಣವನ್ನ ಕೊರತೆ ಅಂತ ಗೊಣಗದೇ ಅದನ್ನೇ ಆಟ ಮಾಡಿಬಿಟ್ರು. ಇವತ್ತಿಗೂ ಆ ಆ್ಯಪ್‌ನಲ್ಲಿ ಇದಕ್ಕಿಂತ ಜಾಣತನದ ಪ್ರಚಾರ ನಾನು ಕಂಡಿಲ್ಲ. ಖರ್ಚು ಅಂದ್ರೆ ಒಬ್ಬರು ಫೋನ್ ಹಿಡ್ಕೊಂಡು ಕೂತಿದ್ದು.

ಸುಮ್ಮನೆಓದುವವ

ಕೌಂಟರ್ ಮುಂದೆ ನಿಂತಾಗ ನೆಟ್ ಕೈಕೊಟ್ರೆ ಹಿಂದೆ ಕ್ಯೂನಲ್ಲಿರೋರ ಕಥೆ ಏನು 😄

ನೀಲಿಶಾಯಿ

ನಾನು ವ್ಯಾಪಾರಸ್ಥೆ ಅಲ್ಲ. ಡಿಗ್ರಿ ಓದ್ತಿದ್ದೀನಿ, ಸ್ನ್ಯಾಪ್‌ಚಾಟ್ ದಿನಾ ಬಳಸ್ತೀನಿ. ಕೊಳ್ಳೋರ ಕಡೆಯಿಂದ ಹೇಳ್ತೀನಿ, ತಪ್ಪು ತಿಳ್ಕೋಬೇಡಿ.

ನಾನು ಬ್ರ್ಯಾಂಡ್‌ಗಳ ಸ್ಟೋರಿ ನೋಡೋದು ಬಹಳ ಕಡಿಮೆ. ಗೆಳತಿಯರ ಸ್ಟೋರಿ ಒಂದಾದ್ಮೇಲೊಂದು ಓಡ್ತಿರುತ್ತೆ, ನಡುವೆ ಆ್ಯಡ್ ಬಂದ್ರೆ ಬೆರಳು ತಾನಾಗೇ ಒತ್ತಿ ಮುಂದೆ ಹೋಗುತ್ತೆ. ಲೋಗೋ ಮೊದಲು ಬಂದ್ರಂತೂ ಮುಗೀತು. ಹಾಗಿದ್ರೂ ಕೆಲವೊಮ್ಮೆ ನಿಂತಿದ್ದೀನಿ. ಯಾಕೆ ಅಂದ್ರೆ ಅದು ಆ್ಯಡ್ ಅಂತ ಮೊದಲು ಅನ್ನಿಸ್ಲಿಲ್ಲ. ಯಾರೋ ಕೈಯಲ್ಲಿ ಫೋನ್ ಹಿಡಿದು ತೆಗೆದ ಹಾಗಿತ್ತು, ಸ್ವಲ್ಪ ಅಲುಗಾಡ್ತಿತ್ತು, ಹಿಂದೆ ಫ್ಯಾನ್ ಸದ್ದು ಕೇಳಿಸ್ತಿತ್ತು. ಸ್ಟುಡಿಯೋ ಲೈಟು, ಹಿನ್ನೆಲೆ ಸಂಗೀತ ಎಲ್ಲ ಇದ್ರೆ ಗೆಳತಿ ಕಳಿಸಿದ್ದಲ್ಲ ಅಂತ ಕಣ್ಣಿಗೆ ತಕ್ಷಣ ಗೊತ್ತಾಗಿಬಿಡುತ್ತೆ.

ಇನ್ನೊಂದು. ಒಂದು ಸಣ್ಣ ಖಾತೆಗೆ "ಈ ಬಣ್ಣ ಮತ್ತೆ ಬರುತ್ತಾ" ಅಂತ ಕೇಳಿದ್ದೆ. ಅವರು ಟೈಪ್ ಮಾಡ್ಲಿಲ್ಲ. ಬಟ್ಟೆ ಕಪಾಟಿನ ಬಾಗಿಲು ತೆಗೆದು, ಮಿಕ್ಕಿರೋ ಬಟ್ಟೆ ತೋರಿಸಿ "ಇಷ್ಟೇ ಇದೆ ನೋಡಮ್ಮ" ಅಂತ ವಿಡಿಯೋ ಸ್ನ್ಯಾಪ್ ಕಳಿಸಿದ್ರು. ಅವತ್ತೇ ಆರ್ಡರ್ ಮಾಡಿದೆ. ಅವರ ಸ್ಟೋರಿ ಈಗ ಬಿಡದೇ ನೋಡ್ತೀನಿ.

ಕಾಗದಹುಳು

> ಬಟ್ಟೆ ಕಪಾಟಿನ ಬಾಗಿಲು ತೆಗೆದು

ಇದು ನನಗೆ ಹೊಳೆದೇ ಇರ್ಲಿಲ್ಲ. ನಾನು ಎಲ್ಲರಿಗೂ ಒಂದೇ ರೆಡಿಮೇಡ್ ಉತ್ತರ ಪೇಸ್ಟ್ ಮಾಡ್ತಾ ಇದ್ದೆ. ಧನ್ಯವಾದ ನೀಲಿಶಾಯಿ.

ಪರದೆಹಿಂದೆ

ನಾನು ಬೇರೆಯವರ ವ್ಯಾಪಾರಕ್ಕೆ ಆ್ಯಡ್ ನಡೆಸಿಕೊಡೋಳು, ಸ್ನ್ಯಾಪ್‌ಚಾಟ್‌ನಲ್ಲೂ ಮಾಡಿದ್ದೀನಿ. ಹಳೇಖಾತೆ ಹೇಳಿದ್ದು ಅರ್ಧ ಸರಿ. ಮಾತುಕತೆಯಿಂದ ಗಿರಾಕಿ ಉಳೀತಾರೆ, ಒಪ್ತೀನಿ. ಆದ್ರೆ ಹೊಸಬರು ನಿಮ್ಮ ಹತ್ರ ಬರೋಕೆ ಅಲ್ಲಿ ದಾರಿ ಕಡಿಮೆ. ಇರೋದು ಮೂರು: ಬೇರೆ ಕಡೆಯಿಂದ ಎಳ್ಕೊಂಡು ಬರೋದು, ಸ್ಪಾಟ್‌ಲೈಟ್, ದುಡ್ಡು ಕೊಟ್ಟ ಆ್ಯಡ್.

ಸ್ಪಾಟ್‌ಲೈಟ್ ಬಂದಿದ್ದು 2020ರ ನವೆಂಬರ್‌ನಲ್ಲಿ. ನಿಮ್ಮನ್ನ ಫಾಲೋ ಮಾಡದವರಿಗೂ ನಿಮ್ಮ ನಿಂತ ಆಕಾರದ (ವರ್ಟಿಕಲ್) ವಿಡಿಯೋ ಕಾಣಿಸೋ ಜಾಗ ಅದು. ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಇರೋ ವಿಡಿಯೋ ಅಲ್ಲಿ ಹಾಕ್ಬೇಡಿ, ಅವರ ನಿಯಮಕ್ಕೆ ವಿರುದ್ಧ. ಆ್ಯಪ್‌ನಲ್ಲಿ ಸಿಗೋ ಹಾಡುಗಳ ವಿಷಯದಲ್ಲೂ ಹುಷಾರು, ಅವು ವೈಯಕ್ತಿಕ ಬಳಕೆಗೆ ಅಂತ ಕೊಟ್ಟಿರೋದು, ಸರಕು ಮಾರೋಕೆ ಅಲ್ಲ. ದಾರ ಎಳೆಯೋ ಸದ್ದು, ಕಾಗದ ಮಡಿಸೋ ಸದ್ದು ನಿಮ್ಮಲ್ಲಿ ಪುಕ್ಕಟೆ ಇದೆ. ಅದಕ್ಕಿಂತ ಒಳ್ಳೇದು ಬೇಕಾ?

ಆ್ಯಡ್ ವಿಷಯಕ್ಕೆ ಬರೋಣ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ (ನಾವೇ ಆ್ಯಡ್ ಹಾಕ್ಕೊಳ್ಳೋ ಸ್ನ್ಯಾಪ್‌ಚಾಟ್‌ನ ಜಾಗ) ದಿನಕ್ಕೆ 5 ಡಾಲರ್‌ನಷ್ಟು ಸಣ್ಣ ಬಜೆಟ್‌ನಿಂದಲೇ ಶುರು ಮಾಡಬಹುದು, ಏಜೆನ್ಸಿ ಬೇಕಾಗಿಲ್ಲ. ವಿಡಿಯೋ ಉದ್ದವಾಗಿ ನಿಂತಿರಬೇಕು, 9:16, ಅಂದ್ರೆ 1080 ಬೈ 1920. ಉದ್ದ 3ರಿಂದ 180 ಸೆಕೆಂಡ್‌ವರೆಗೂ ಬಿಡ್ತಾರೆ, ಆದ್ರೆ ಮೂರು ನಿಮಿಷ ಯಾರು ನೋಡ್ತಾರೆ ಸ್ವಾಮಿ? ಐದಾರು ಸೆಕೆಂಡ್ ಸಾಕು. ಬ್ರ್ಯಾಂಡ್ ಹೆಸರಿಗೆ 25 ಅಕ್ಷರ, ತಲೆಬರಹಕ್ಕೆ 34 ಅಕ್ಷರ ಮಿತಿ. ಕನ್ನಡದಲ್ಲಿ ಬರೀವಾಗ ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ಎಣಿಕೆ ಬೇಗ ತುಂಬುತ್ತೆ, ಹಾಗಾಗಿ ಬರೆದು ಪ್ರಿವ್ಯೂ ನೋಡಿ. ಮೇಲೂ ಕೆಳಗೂ ಜಾಗ ಬಿಡಿ, ಅಲ್ಲಿ ಆ್ಯಪ್‌ನ ಸ್ವಂತ ಬಟನ್‌ಗಳು ಕೂರ್ತವೆ. ಆಫರ್ ಬರೆದಿದ್ದ ಸಾಲಿನ ಮೇಲೇ ಬಟನ್ ಬಂದು ಕೂತ ಆ್ಯಡ್‌ಗಳನ್ನ ಬೇಕಾದಷ್ಟು ನೋಡಿದ್ದೀನಿ.

ಧ್ವನಿ ಬಿಡಬೇಡಿ. ಫೇಸ್‌ಬುಕ್‌ಗೆ ಅಂತ ಮಾಡಿದ ಮೂಕ ವಿಡಿಯೋ ಇಲ್ಲಿಗೆ ತಂದು ಹಾಕ್ತಾರೆ ಜನ. ಇಲ್ಲಿ ಧ್ವನಿ ಆನ್ ಇಟ್ಟು ನೋಡೋರೇ ಜಾಸ್ತಿ ಅಂತ ಕಂಪನಿನೇ ಹೇಳುತ್ತೆ.

ಬಗೆಗಳಲ್ಲಿ ನಿಮಗೆ ಬೇಕಾದದ್ದು ಎರಡು. ಒಂದು, ಸಾದಾ ಒಂದೇ ವಿಡಿಯೋ ಆ್ಯಡ್. ಎರಡು, ಕಲೆಕ್ಷನ್ ಆ್ಯಡ್: ಮೇಲೆ ವಿಡಿಯೋ ಓಡ್ತಿರುತ್ತೆ, ಕೆಳಗೆ ನಾಲ್ಕು ವಸ್ತುಗಳ ಪುಟ್ಟ ಚೌಕ, ಒತ್ತಿದ್ರೆ ನೇರ ಆ ವಸ್ತುವಿನ ಪುಟಕ್ಕೆ ಹೋಗುತ್ತೆ. ಕಮರ್ಷಿಯಲ್ ಅನ್ನೋ ಬಗೆಯಲ್ಲಿ ಮೊದಲ 6 ಸೆಕೆಂಡ್ ಸ್ಕಿಪ್ ಮಾಡೋಕೆ ಬರಲ್ಲ. ಅದು ಹೆಸರು ಮೂಡಿಸೋ ದೊಡ್ಡ ಬ್ರ್ಯಾಂಡ್‌ಗಳಿಗೆ, ನಿಮಗಲ್ಲ.

ಹಳೇಖಾತೆ

> ಹೊಸಬರು ನಿಮ್ಮ ಹತ್ರ ಬರೋಕೆ ಅಲ್ಲಿ ದಾರಿ ಕಡಿಮೆ

ಅದನ್ನೇ ಹೇಳ್ತಿರೋದು ಮೇಡಂ. ಕಡಿಮೆ ಅಂತ ತಕ್ಷಣ ದುಡ್ಡು ಸುರೀಬೇಕಾ? ಈಗಾಗ್ಲೇ ಕೊಂಡವರ ಕೈಯಲ್ಲಿ ಅವರ ನೋಟ್‌ಬುಕ್ ಇದೆ. ಕೊನೆ ಪುಟದಲ್ಲಿ ಸ್ನ್ಯಾಪ್‌ಕೋಡ್ ಹಾಕಿದ್ರೆ ಆಯ್ತು, ಆ ಹಳದಿ ಚೌಕದ ಮೇಲಿರೋ ಭೂತದ ಚಿತ್ರ. ಕ್ಯಾಮೆರಾ ಹಿಡಿದ್ರೆ ಖಾತೆ ತೆರೆಯುತ್ತೆ. ಹಾಗೆ ಬಂದವರು ಈಗಾಗ್ಲೇ ನಿಮ್ಮ ಕೆಲಸ ಮುಟ್ಟಿ ನೋಡಿದವರು. ಆ್ಯಡ್ ನೋಡಿ ಬಂದ ನೂರು ಜನರಿಗಿಂತ ಅಂಥ ಹತ್ತು ಜನ ಮೇಲು.

ಪರದೆಹಿಂದೆ

ಹತ್ತು ಜನರಿಂದ ತಿಂಗಳ ಬಾಡಿಗೆ ಕಟ್ಟೋಕಾಗುತ್ತಾ ಸರ್? 🙂 ಎರಡೂ ಬೇಕು. ಹಳಬರಿಗೆ ಚಾಟ್, ಹೊಸಬರಿಗೆ ಆ್ಯಡ್.

ಲೆಕ್ಕದಮೇಷ್ಟ್ರು

ಆ್ಯಡ್ ಶುರು ಮಾಡೋ ಮುಂಚೆ ಒಂದು ವಿಷಯ ಹೇಳಿಬಿಡ್ತೀನಿ. ಡ್ಯಾಶ್‌ಬೋರ್ಡ್, ಅಂದ್ರೆ ಆ್ಯಡ್‌ನ ಲೆಕ್ಕ ತೋರಿಸೋ ಪುಟ, ಹೇಳಿದ್ದನ್ನೆಲ್ಲ ನಂಬಬೇಡಿ, ಯಾವ ಕಂಪನಿಯದ್ದಾದರೂ ಸರಿ.

ಉದಾಹರಣೆಗೆ ಒಬ್ಬ ಹುಡುಗ ಸೋಮವಾರ ಸ್ನ್ಯಾಪ್‌ಚಾಟ್‌ನಲ್ಲಿ ನಿಮ್ಮ ಆ್ಯಡ್ ನೋಡಿದ, ಮುಟ್ಟಲೇ ಇಲ್ಲ, ಮುಂದೆ ಹೋದ. ಅದೇ ದಿನ ಸಂಜೆ ಇನ್‌ಸ್ಟಾದಲ್ಲಿ ನಿಮ್ಮ ಆ್ಯಡ್ ಒತ್ತಿ ವೆಬ್‌ಸೈಟಿಗೆ ಬಂದು ಡೈರಿ ಕೊಂಡ. ಇನ್‌ಸ್ಟಾ "ಈ ಮಾರಾಟ ನನ್ನಿಂದ" ಅನ್ನುತ್ತೆ. ಸ್ನ್ಯಾಪ್‌ಚಾಟ್‌ನ ಲೆಕ್ಕದಲ್ಲೂ ನೋಡಿದ ಮಾತ್ರಕ್ಕೆ ಮಾರಾಟ ಸೇರಿಸೋ ಸೆಟ್ಟಿಂಗ್ ಇದ್ರೆ ಅದೂ "ನನ್ನಿಂದ" ಅನ್ನುತ್ತೆ. ನಿಮ್ಮ ಪುಸ್ತಕದಲ್ಲಿ ಮಾರಾಟ ಒಂದು, ಎರಡು ಡ್ಯಾಶ್‌ಬೋರ್ಡ್ ಕೂಡಿಸಿದ್ರೆ ಎರಡು. ತಿಂಗಳ ಕೊನೆಗೆ ಎಲ್ಲ ಆ್ಯಪ್‌ಗಳು ಹೇಳಿದ ಮಾರಾಟ ಕೂಡಿಸಿ ನೋಡಿ, ನಿಮ್ಮ ಬ್ಯಾಂಕ್ ಖಾತೆಗೆ ಬಂದಿದ್ದಕ್ಕಿಂತ ಜಾಸ್ತಿ ಆದ್ರೆ ಆಶ್ಚರ್ಯ ಪಡಬೇಡಿ.

ಅದಕ್ಕೆ ಮಾಡಬೇಕಾದ್ದು: ವೆಬ್‌ಸೈಟಿಗೆ ಸ್ನ್ಯಾಪ್ ಪಿಕ್ಸೆಲ್ ಹಾಕಿಸಿ (ಆ್ಯಡ್ ನೋಡಿದವರು ಬಂದು ಏನು ಮಾಡಿದ್ರು ಅಂತ ಗುರುತಿಟ್ಕೊಳ್ಳೋ ಪುಟ್ಟ ಕೋಡ್), ಅದಿಲ್ಲದೆ ಏನೂ ತಿಳಿಯಲ್ಲ. ವರದಿಯಲ್ಲಿ ಆ್ಯಡನ್ನ ಸ್ವೈಪ್ ಮಾಡಿ ವೆಬ್‌ಸೈಟಿಗೆ ಬಂದವರ ಮಾರಾಟವನ್ನೂ, ಬರೀ ನೋಡಿದವರ ಮಾರಾಟವನ್ನೂ ಬೇರೆ ಬೇರೆ ಕಾಲಂನಲ್ಲಿ ನೋಡಿ. ಸ್ನ್ಯಾಪ್‌ಚಾಟ್‌ಗೆ ಮಾತ್ರ ಅಂತ ಒಂದು ರಿಯಾಯಿತಿ ಕೋಡ್ ಇಡಿ, ಬೇರೆಲ್ಲೂ ಅದನ್ನ ಹಾಕಬೇಡಿ.

ಪಿಕ್ಸೆಲ್ ಕೂಡ ಪೂರ್ತಿ ಕಾಣಲ್ಲ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಐಓಎಸ್ 14.5 ಬಿಟ್ಟು, ಒಂದು ಆ್ಯಪ್ ಇನ್ನೊಂದು ಕಡೆ ಜನರನ್ನ ಹಿಂಬಾಲಿಸ್ಬೇಕಾದ್ರೆ ಅನುಮತಿ ಕೇಳ್ಬೇಕು ಅಂತ ಮಾಡ್ತು. ಬೇಡ ಅಂದವರು ಬಹಳ. ಆ ವರ್ಷದ ಅಕ್ಟೋಬರ್‌ನಲ್ಲಿ ಸ್ನ್ಯಾಪ್ ಕಂಪನಿ ಈ ಬದಲಾವಣೆಯಿಂದ ಆ್ಯಡ್ ಆದಾಯಕ್ಕೆ ಪೆಟ್ಟು ಬಿತ್ತು ಅಂದಾಗ ಒಂದೇ ದಿನದಲ್ಲಿ ಅದರ ಷೇರು ಕಾಲು ಭಾಗಕ್ಕಿಂತ ಜಾಸ್ತಿ ಕುಸಿದಿತ್ತು. ಯಾರು ಕೊಂಡ್ರು ಅಂತ ಕಂಪನಿಗೇ ಸರಿಯಾಗಿ ಕಾಣದಿರೋವಾಗ ನಮ್ಮ ಡ್ಯಾಶ್‌ಬೋರ್ಡ್ ಅಂದಾಜಿನ ಮೇಲೇ ನಡೆಯೋದು.

ಕಾಗದಹುಳು

ಮೇಷ್ಟ್ರೇ, ಆ್ಯಡ್ ಇಲ್ಲದ ಸ್ಟೋರಿ ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ತಿಳಿಯೋಕೆ ಏನು ನೋಡ್ಬೇಕು? ವ್ಯೂ ಒಂದೇ ಕಣ್ಣಿಗೆ ಬೀಳ್ತಿದೆ.

ಲೆಕ್ಕದಮೇಷ್ಟ್ರು

ಮೊದಲ ಸ್ನ್ಯಾಪ್‌ನ ವ್ಯೂ ಬಿಟ್ಟು ಕೊನೇದನ್ನ ನೋಡಿ. ಒಂದು ಸ್ಟೋರಿಯಲ್ಲಿ ಎಂಟು ಸ್ನ್ಯಾಪ್ ಇದೆ, ಮೊದಲನೇದನ್ನ 400 ಜನ ನೋಡಿದ್ರು, ಎಂಟನೇದನ್ನ 220 ಜನ ಅಂದ್ಕೊಳ್ಳಿ. ಶೇಕಡ 55 ಜನ ಕೊನೆತನಕ ಕೂತ್ರು. ಒಂದೊಂದು ಸ್ನ್ಯಾಪ್‌ನ ಸಂಖ್ಯೆ ಕಾಗದದ ಮೇಲೆ ಬರ್ಕೊಂಡು ಹೋದ್ರೆ ಎಲ್ಲಿ ಜನ ಎದ್ದು ಹೋದ್ರು ಅಂತ ಕಾಣುತ್ತೆ. ಮೂರರಿಂದ ನಾಲ್ಕಕ್ಕೆ ಒಮ್ಮೆಲೇ ಬಿದ್ದಿದ್ರೆ ಮೂರನೇದರಲ್ಲಿ ಏನೋ ಎಡವಟ್ಟಾಗಿದೆ. ಬಹಳ ಸಲ ಅದು ಬರೀ ಅಕ್ಷರ ತುಂಬಿದ ಸ್ನ್ಯಾಪ್ ಆಗಿರುತ್ತೆ.

ಎರಡನೇದು ಸ್ಕ್ರೀನ್‌ಶಾಟ್. ಇನ್‌ಸ್ಟಾ ಸ್ಟೋರಿಯಲ್ಲಿ ಯಾರು ಸ್ಕ್ರೀನ್‌ಶಾಟ್ ತೆಗೆದ್ರು ಅಂತ ತಿಳಿಯಲ್ಲ, ಇಲ್ಲಿ ತಿಳಿಯುತ್ತೆ. ಯಾವ ವಿನ್ಯಾಸದ ಮೇಲೆ ಸ್ಕ್ರೀನ್‌ಶಾಟ್ ಬಿತ್ತೋ ಅದನ್ನ ಜನ ಕೊಳ್ಳೋ ಯೋಚನೆಯಲ್ಲಿದ್ದಾರೆ ಅಥವಾ ಯಾರಿಗೋ ತೋರಿಸೋಕೆ ಇಟ್ಕೊಂಡಿದ್ದಾರೆ. ಮೂರನೇದು, ಎಲ್ಲಕ್ಕಿಂತ ಭಾರವಾದದ್ದು, ಉತ್ತರ. ಸ್ಟೋರಿಗೆ ಎಷ್ಟು ಜನ ತಿರುಗಿ ಬರೆದ್ರು.

ಹಳೇಖಾತೆ

ಮೇಷ್ಟ್ರು ಸ್ಕ್ರೀನ್‌ಶಾಟ್ ಬಗ್ಗೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅದನ್ನ ಮತ ಹಾಕೋ ಹಾಗೆ ಬಳಸಬಹುದು. ಎರಡು ರಟ್ಟಿನ ಬಣ್ಣ ಒಂದಾದ್ಮೇಲೊಂದು ತೋರಿಸಿ, ಬೇಕಾದ್ದರ ಸ್ಕ್ರೀನ್‌ಶಾಟ್ ತೆಗೀರಿ ಅನ್ನಿ. ಕೋಡ್ ಕೊಡೋದಿದ್ರೆ ಮೊದಲನೇ ಸ್ನ್ಯಾಪ್‌ನಲ್ಲೇ ಕೊಡಬೇಡಿ, ನಡುವೆ ಎಲ್ಲೋ ಒಂದು ಕಡೆ ಎರಡೇ ಸೆಕೆಂಡ್ ಕಾಣೋ ಹಾಗೆ ಇಡಿ. ಬಿಟ್ಟವರು ಮತ್ತೆ ಮೊದಲಿಂದ ನೋಡ್ತಾರೆ.

ತುಂಟಲೆನ್ಸ್

ಲೆನ್ಸ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ ಗುರು! ಆ ಆ್ಯಪ್‌ನ ಜೀವ ಇರೋದೇ ಅಲ್ಲಿ.

2015ರ ಸೆಪ್ಟೆಂಬರ್‌ನಲ್ಲಿ ಲೆನ್ಸ್ ಬಂತು, ಅಂದ್ರೆ ಕ್ಯಾಮೆರಾದಲ್ಲಿ ಮುಖದ ಮೇಲೆ ಬಂದು ಕೂರೋ ಚಿತ್ರಗಳು: ಬಾಯಿಂದ ವಾಂತಿ ಥರ ಬೀಳೋ ಕಾಮನಬಿಲ್ಲು, ಆಮೇಲೆ ನಾಯಿ ಕಿವಿ ಇತ್ಯಾದಿ. 2016ರ ಮೇ 5ಕ್ಕೆ ಟ್ಯಾಕೋ ಬೆಲ್ ಅನ್ನೋ ಫಾಸ್ಟ್‌ಫುಡ್ ಕಂಪನಿ ಒಂದು ಲೆನ್ಸ್ ಮಾಡಿಸ್ತು, ಹಾಕ್ಕೊಂಡ್ರೆ ತಲೆ ಇಡೀ ದೊಡ್ಡ ಟ್ಯಾಕೋ ಆಗಿಬಿಡೋದು. ಒಂದೇ ದಿನ 22.4 ಕೋಟಿ ವ್ಯೂ! ತಲೆಹರಟೆ ಐಡಿಯಾ, ಆದ್ರೆ ಯೋಚ್ನೆ ಮಾಡಿ, ಜನ ತಾವಾಗೇ ಆ ಬ್ರ್ಯಾಂಡನ್ನ ತಮ್ಮ ಮುಖಕ್ಕೆ ಹಾಕ್ಕೊಂಡು ಗೆಳೆಯರಿಗೆ ಕಳಿಸಿದ್ರು. ಹಳೇಖಾತೆ ಸರ್ ಹೇಳಿದ ಜಗಲಿಗೆ ಪಾಂಪ್ಲೆಟ್ಟನ್ನ ಗೆಳೆಯರೇ ತಂದುಕೊಟ್ಟ ಹಾಗಾಯ್ತು.

ಆಗ ಅದು ದುಡ್ಡಿದ್ದ ಕಂಪನಿಗಳ ಆಟ. 2017ರ ಡಿಸೆಂಬರ್‌ನಲ್ಲಿ ಲೆನ್ಸ್ ಸ್ಟುಡಿಯೋ ಬಿಟ್ರು, ಕಂಪ್ಯೂಟರ್‌ಗೆ ಪುಕ್ಕಟೆ ಇಳಿಸ್ಕೊಂಡು ಯಾರು ಬೇಕಾದ್ರೂ ಮಾಡಬಹುದು. ನೋಟ್‌ಬುಕ್‌ಗೆ ನಾನಾದ್ರೆ ಹೀಗೆ ಮಾಡ್ತೀನಿ: ಮೇಜಿನ ಮೇಲೆ ಕ್ಯಾಮೆರಾ ಹಿಡಿದ್ರೆ ಅಲ್ಲಿ ಪುಸ್ತಕ ಕೂತಿರೋ ಹಾಗೆ ಕಾಣಬೇಕು, ಬೆರಳಲ್ಲಿ ತಟ್ಟಿದ್ರೆ ರಟ್ಟಿನ ಬಣ್ಣ ಬದಲಾಗಬೇಕು. ಕೊಳ್ಳೋರಿಗೆ ಸೈಜ್ ಎಷ್ಟು ಅಂತ ಕಣ್ಣಿಗೇ ಗೊತ್ತಾಗುತ್ತೆ. "ಎ5 ಅಂದ್ರೆ ಎಷ್ಟು ದೊಡ್ಡದು" ಅನ್ನೋ ಪ್ರಶ್ನೆನೇ ಬರಲ್ಲ.

ಪರದೆಹಿಂದೆ

ಐಡಿಯಾ ಚೆನ್ನಾಗಿದೆ, ಆದ್ರೆ ಒಬ್ಬರೇ ಹೊಲಿದು, ಪ್ಯಾಕ್ ಮಾಡಿ, ಕೊರಿಯರ್‌ಗೆ ಕೊಡೋರಿಗೆ ಮೂರು ಆಯಾಮದ ಮಾಡೆಲ್ ಮಾಡ್ತಾ ಕೂರೋಕೆ ಪುರುಸೊತ್ತು ಎಲ್ಲಿಂದ? ಲೆನ್ಸ್ ಮಾಡಿಟ್ಟರೆ ಸಾಲದು, ಅದನ್ನ ಜನರಿಗೆ ಮುಟ್ಟಿಸೋಕೆ ಮತ್ತೆ ಆ್ಯಡ್ ಹಾಕ್ಬೇಕು. ಇದನ್ನ ಎರಡನೇ ವರ್ಷಕ್ಕೆ ಇಟ್ಕೊಳ್ಳಿ.

ತುಂಟಲೆನ್ಸ್

ಮೇಡಂ ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕಿದ್ರಿ 😭 ಆಯ್ತು, ಒಪ್ಕೊಂಡೆ. ಆದ್ರೆ ಸೈಜ್ ತೋರಿಸೋ ಮಾತು ಬಿಡ್ಬೇಡಿ. ಲೆನ್ಸ್ ಬೇಡದಿದ್ರೆ ಕೈಯಲ್ಲಿ ಹಿಡಿದು, ಫೋನ್ ಪಕ್ಕ ಇಟ್ಟು, ಬ್ಯಾಗ್‌ಗೆ ಹಾಕಿ ತೋರಿಸಿ.

ಹೊಸಬ_77

ಯಾರಾದ್ರೂ ಇನ್‌ಫ್ಲುಯೆನ್ಸರ್‌ಗೆ ನಮ್ಮ ಖಾತೆ ಒಂದು ದಿನ ಕೊಟ್ಟು ನಡೆಸೋಕೆ ಹೇಳೋದು, ಟೇಕೋವರ್ ಅಂತಾರಲ್ಲ, ಅದು ಪ್ರಯೋಜನ ಆಗುತ್ತಾ?

ಪರದೆಹಿಂದೆ

ಆಗುತ್ತೆ, ಆದ್ರೆ ಪಾಸ್‌ವರ್ಡ್ ಕೊಡಬೇಡಿ. ಪಬ್ಲಿಕ್ ಪ್ರೊಫೈಲ್ ಮಾಡಿಕೊಂಡ್ರೆ ಬೇರೆಯವರಿಗೆ ಪಾತ್ರ ಕೊಟ್ಟು ಪ್ರವೇಶ ಕೊಡಬಹುದು, ಕೆಲಸ ಮುಗಿದ ಮೇಲೆ ತೆಗೆದುಹಾಕಬಹುದು. ಅಥವಾ ಅವರು ವಿಡಿಯೋ ತೆಗೆದು ನಿಮಗೆ ಕಳಿಸ್ಲಿ, ನೀವೇ ಹಾಕಿ. ದುಡ್ಡು ಕೊಟ್ಟಿದ್ದರೆ ಪೇಯ್ಡ್ ಪಾರ್ಟ್ನರ್‌ಶಿಪ್ ಗುರುತು ಹಾಕಲೇಬೇಕು, ಮುಚ್ಚುಮರೆ ಬೇಡ. ಫಾಲೋವರ್ ಸಂಖ್ಯೆ ನೋಡಿ ಆರಿಸೋಕಿಂತ, ಅವರ ಒಂದು ಸ್ಟೋರಿಯ ಮೊದಲ ಮತ್ತು ಕೊನೆಯ ಸ್ನ್ಯಾಪ್‌ನ ವ್ಯೂ ಸ್ಕ್ರೀನ್‌ಶಾಟ್ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೇ ನಮಸ್ಕಾರ ಹೇಳಿ.

ಕಾಗದಹುಳು

ಇನ್ನೊಂದು ಸಂಕಟ. ನೀಲಿಶಾಯಿ ಹೇಳಿದ ಹಾಗೆ ಚಾಟ್‌ನಲ್ಲಿ ಮಾತಾಡೋಕೆ ಶುರು ಮಾಡಿದೆ, ಆರ್ಡರೂ ಬರ್ತಿದೆ. ಆದ್ರೆ ಒಬ್ಬರು ವಿಳಾಸ, ಹೆಸರು ಬರೆಸಬೇಕಾದ ಅಕ್ಷರ ಎಲ್ಲ ಕಳಿಸಿದ್ರು, ಓದಿ ಹೊರಗೆ ಬಂದು ಮತ್ತೆ ತೆರೆದ್ರೆ ಸಂದೇಶನೇ ಇಲ್ಲ!

ನೀಲಿಶಾಯಿ

ಅಯ್ಯೋ 😂 ಅದು ಹಾಗೇ. ನೋಡಿದ ತಕ್ಷಣ ಅಳಿಸೋ ಸೆಟ್ಟಿಂಗ್ ಇದ್ರೆ ಓದಿ ಹೊರಗೆ ಬಂದ ಮೇಲೆ ಚಾಟ್ ಅಳಿಸಿಹೋಗುತ್ತೆ. ಆ ಗಿರಾಕಿಯ ಹೆಸರಿನ ಮೇಲೆ ಒತ್ತಿ ಹಿಡೀರಿ, ಚಾಟ್ ಸೆಟ್ಟಿಂಗ್‌ನಲ್ಲಿ ಅಳಿಸೋ ಸಮಯವನ್ನ "ನೋಡಿದ 24 ಗಂಟೆ ನಂತರ" ಅಂತ ಮಾಡಿ. ಮುಖ್ಯವಾದ ಸಂದೇಶ ಬಂದ ತಕ್ಷಣ ಅದರ ಮೇಲೆ ಒತ್ತಿ ಹಿಡಿದು ಸೇವ್ ಮಾಡ್ಕೊಳ್ಳಿ, ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗುತ್ತೆ. ಸೇವ್ ಮಾಡಿದ್ದು ಎದುರಿನವರಿಗೂ ಕಾಣುತ್ತೆ, ಅದರಲ್ಲಿ ತಪ್ಪೇನಿಲ್ಲ, ಆರ್ಡರ್ ತಗೊಂಡ್ರು ಅಂತ ಅವರಿಗೂ ಸಮಾಧಾನ.

ಲೆಕ್ಕದಮೇಷ್ಟ್ರು

ಇನ್ನೂ ಒಳ್ಳೇದು, ಆರ್ಡರನ್ನ ಅಲ್ಲಿ ತಗೊಳ್ಳಲೇಬೇಡಿ. ಮಾತು ಅಲ್ಲಿ, ಆರ್ಡರ್ ಫಾರಂ ವೆಬ್‌ಸೈಟಿನಲ್ಲಿ. ನಾಳೆ "ನಾನು ನೀಲಿ ದಾರ ಹೇಳಿದ್ದೆ, ನೀವು ಕೆಂಪು ಕಳಿಸಿದ್ದೀರಿ" ಅಂತ ತಕರಾರು ಬಂದ್ರೆ ತೋರಿಸೋಕೆ ಏನಿರುತ್ತೆ? ದುಡ್ಡಿನ ಮಾತು, ವಿಳಾಸ, ಹಿಂದಿರುಗಿಸೋ ನಿಯಮ, ಇವೆಲ್ಲ ಉಳಿಯೋ ಜಾಗದಲ್ಲಿ ಇರ್ಲಿ.

ಇದರ ತಿರುವುಮುರುವೂ ಗಮನದಲ್ಲಿರಲಿ. ಅಳಿಸಿಹೋಗುತ್ತೆ ಅಂತ ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಸ್ನ್ಯಾಪ್‌ಗಳು ನಿಜಕ್ಕೂ ಮಾಯವಾಗ್ತವೆ ಅಂತ ಹೇಳಿ ಜನರನ್ನ ದಾರಿ ತಪ್ಪಿಸಿದ್ರು ಅಂತ 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೇ ಆರೋಪ ಹೊರಿಸಿ, ರಾಜಿಯಲ್ಲಿ ಮುಗಿಸ್ತು. ಇನ್ನೊಂದು ಫೋನ್‌ನಿಂದ ಫೋಟೋ ತೆಗೆದ್ರೆ ನಿಮಗೆ ಗೊತ್ತೇ ಆಗಲ್ಲ. ಗಿರಾಕಿ ಮೇಲೆ ಸಿಟ್ಟಿನಲ್ಲಿ ಬರೆದ ಸಾಲು ಎಲ್ಲಾದ್ರೂ ತೇಲಿ ಬರಬಹುದು.

ಸುಮ್ಮನೆಓದುವವ

ಎಲ್ಲ ಸರಿ, ಆದ್ರೆ ಇಷ್ಟು ಕಷ್ಟಪಟ್ಟು ಬೆಳೆಸಿದ ಮೇಲೆ ಆ್ಯಪ್‌ನವರು ಒಂದು ದಿನ ಎಲ್ಲ ತಲೆಕೆಳಗು ಮಾಡಿದ್ರೆ?

ಹಳೇಖಾತೆ

ಮಾಡಿದ್ದಾರೆ. 2018ರ ಶುರುವಿನಲ್ಲಿ ವಿನ್ಯಾಸ ಬದಲಾಯಿಸಿ ಗೆಳೆಯರ ಸ್ಟೋರಿ ಒಂದು ಕಡೆ, ಪ್ರಕಾಶಕರು ಮತ್ತು ಪ್ರಸಿದ್ಧರದ್ದು ಇನ್ನೊಂದು ಕಡೆ ಅಂತ ಬೇರೆ ಮಾಡಿದ್ರು. ಹಳೇದನ್ನ ವಾಪಸ್ ಕೊಡಿ ಅಂತ 12 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದ್ರು. ಕಂಪನಿ ಆಗ ಪೂರ್ತಿ ಹಿಂದೆ ಸರೀಲಿಲ್ಲ, ಒಂದಷ್ಟು ತಿದ್ದುಪಡಿ ಮಾಡ್ತು. ಗೆಳೆಯರ ಸಾಲಲ್ಲಿ ಕಾಣಿಸ್ತಿದ್ದ ಖಾತೆಗಳು ಬೆಳಗಾಗೋಷ್ಟರಲ್ಲಿ ಪಕ್ಕದ ಪರದೆಗೆ ಹೋದ್ವು.

ಹಾಗಾಗಿ ಒಳ್ಳೇ ಸ್ಟೋರಿಗಳನ್ನ ಹಾಕೋ ಮುಂಚೆ ಫೋನ್‌ಗೆ ಉಳಿಸ್ಕೊಳ್ಳಿ. ಪಬ್ಲಿಕ್ ಪ್ರೊಫೈಲ್ ಇದ್ರೆ ಆರಿಸಿದ್ದನ್ನ ಪ್ರೊಫೈಲ್ ಮೇಲೆ ಉಳಿಸೋಕೂ ಬರುತ್ತೆ. ಹತ್ತಿರದ ಗಿರಾಕಿಗಳ ಇಮೇಲ್ ಅವರ ಒಪ್ಪಿಗೆ ಪಡೆದು ತಗೊಂಡಿಟ್ಕೊಳ್ಳಿ. ಆ ಪಟ್ಟಿಯನ್ನ ಯಾವ ಆ್ಯಪ್ಪೂ ನಿಮ್ಮಿಂದ ಕಿತ್ಕೊಳ್ಳೋಕಾಗಲ್ಲ.

ನೀಲಿಶಾಯಿ

ಒಂದು ವಿನಂತಿ. ಈಗ ಚಾಟ್ ಪಟ್ಟಿಯೊಳಗೇ ಕಂಪನಿಗಳ ಸ್ಪಾನ್ಸರ್ಡ್ ಸ್ನ್ಯಾಪ್ ಬರೋಕೆ ಶುರುವಾಗಿದೆ. ಅಮ್ಮ, ಗೆಳತಿಯರ ಹೆಸರುಗಳ ನಡುವೆ ಅದು ಕೂತಿರೋದು ನೋಡಿದ್ರೆ ಕಿರಿಕಿರಿ. ನಾನಂತೂ ತೆರೆಯದೇ ತೆಗೆದುಹಾಕ್ತೀನಿ. ಸಣ್ಣ ವ್ಯಾಪಾರದವರು ದಯವಿಟ್ಟು ಅದಕ್ಕೆ ಕೈಹಾಕ್ಬೇಡಿ.

ಪರದೆಹಿಂದೆ

ಅದು 2024ರಲ್ಲಿ ಬಂದ ಬಗೆ. ನೋಟಿಫಿಕೇಶನ್ ಕಳಿಸಲ್ಲ, ತೆರೆಯದಿದ್ರೆ ತಾನೇ ಹೋಗುತ್ತೆ ಅನ್ನೋದು ಅವರ ಸಮಜಾಯಿಷಿ. ನಿನ್ನ ಮಾತು ಒಪ್ತೀನಿ ಪುಟ್ಟಿ, ಕಾಗದಹುಳು ಅವರಿಗೆ ನಾನೂ ಅದನ್ನ ಹೇಳ್ತಿರ್ಲಿಲ್ಲ. ಅವರ ಬಜೆಟ್‌ಗೆ ಒಂದೇ ಸಾಕು: ಹೊಲಿಗೆಯ ಐದಾರು ಸೆಕೆಂಡ್ ವಿಡಿಯೋ ಮೂರು ಥರ ಮಾಡಿ, ಮೊದಲ ಎರಡು ಸೆಕೆಂಡ್ ಮಾತ್ರ ಬೇರೆ ಬೇರೆ ಇರ್ಲಿ, ಉಳಿದಿದ್ದು ಒಂದೇ. ಒಂದರಲ್ಲಿ ಸೂಜಿ ಕಾಗದ ತೂರೋದು, ಒಂದರಲ್ಲಿ ಮುಗಿದ ಪುಸ್ತಕ ಪೂರ್ತಿ ಬಿಚ್ಚಿ ಮೇಜಿನ ಮೇಲೆ ಮಲಗೋದು, ಒಂದರಲ್ಲಿ ಪುಸ್ತಕ ಕೈಯಲ್ಲಿ ಹಿಡಿದವರ ಮುಖ. ಮೂರಕ್ಕೂ ಸಮನಾಗಿ ದುಡ್ಡು ಹಾಕಿ, ಸ್ವೈಪ್ ಯಾವುದಕ್ಕೆ ಜಾಸ್ತಿ ಬರುತ್ತೋ ಅದನ್ನ ಉಳಿಸ್ಕೊಂಡು ಬಾಕಿ ಎರಡನ್ನ ನಿಲ್ಲಿಸಿ. ವಯಸ್ಸಿನ ಮಿತಿ 18ರಿಂದ ಮೇಲಿಡಿ. ಆ್ಯಪ್ 13 ವರ್ಷದವರಿಗೂ ತೆರೆದಿದೆ, ಆದ್ರೆ ನಿಮ್ಮ ಡೈರಿಗೆ ಅವರ ಅಪ್ಪ ಅಮ್ಮ ದುಡ್ಡು ಕೊಡ್ಬೇಕು.

ಕಾಗದಹುಳು

ಪುಸ್ತಕ ಮೇಜಿನ ಮೇಲೆ ಮಲಗೋದೇ ಗೆಲ್ಲುತ್ತೆ ಅಂತ ನನ್ನ ಊಹೆ. ಎಲ್ಲರೂ ಕೇಳೋ ಮೊದಲ ಪ್ರಶ್ನೆನೇ "ಪೂರ್ತಿ ಬಿಚ್ಚಿದ್ರೆ ಬೆನ್ನು ಮುರಿಯಲ್ವಾ" ಅಂತ. ಈ ವಾರ ಮೂರೂ ತೆಗೀತೀನಿ. ಕೊನೆ ಪುಟಕ್ಕೆ ಸ್ನ್ಯಾಪ್‌ಕೋಡ್ ಅಚ್ಚು ಹಾಕಿಸ್ತೀನಿ. ನಮ್ಮ ಕಾಗದ ಸ್ವಲ್ಪ ಒರಟು, ಸ್ಕ್ಯಾನ್ ಆಗುತ್ತಾ?

ತುಂಟಲೆನ್ಸ್

ಕೋಡ್‌ನ ಸುತ್ತ ಇರೋ ಚುಕ್ಕಿಗಳನ್ನ ಓದಿನೇ ಅದು ನಿಮ್ಮ ಖಾತೆ ಅಂತ ಗುರುತು ಹಿಡಿಯೋದು. ಒರಟು ಕಾಗದದಲ್ಲಿ ಶಾಯಿ ಹರಡಿ ಚುಕ್ಕಿಗಳು ಅಂಟಿಕೊಂಡ್ರೆ ಕೆಲಸ ಕೆಡುತ್ತೆ. ಎರಡು ಮೂರು ಅಳತೆಯಲ್ಲಿ ಅದೇ ಕಾಗದದ ಮೇಲೆ ಮಾದರಿ ಅಚ್ಚು ಹಾಕಿ, ಹಳೇ ಫೋನ್ ಒಂದರಲ್ಲಿ, ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ಹಿಡಿದು ನೋಡಿ. ಅಲ್ಲಿ ಓದಿದ್ರೆ ಎಲ್ಲಾ ಕಡೆ ಓದುತ್ತೆ. ಆಗ್ಲಿಲ್ಲ ಅಂದ್ರೆ ನುಣುಪು ಸ್ಟಿಕ್ಕರ್ ಮಾಡಿಸಿ ಅಂಟಿಸಿ. ಅಂದಹಾಗೆ ಎರಡನೇ ವರ್ಷದ ಲೆನ್ಸ್‌ಗೆ ನನ್ನ ಹೆಸರು ಬರ್ದಿಟ್ಕೊಂಡಿರಿ, ಮೇಡಂ ನೋಡ್ತಾ ಇದ್ರೂ ಪರವಾಗಿಲ್ಲ 😁